ಡಿಗ್ರಿಗೆ ಅಡ್ಡ ಕುಂತ ರಷ್ಯನ್

ಮನ್ಯಾಗ ಕನ್ನಡ, ಓಣ್ಯಾಗ ಕೊಂಕಣಿ, ಬಸ್ಸಿನಾಗ ಹಿಂದಿ, ಕಾಲೇಜಿನಾಗ ಇಂಗ್ಲಿಷ್. ಇಷ್ಟೂ ಸಾಲದಂತ, ಒಂದು ಪರದೇಶದ ಭಾಷಾ ಪಾಸ್ ಆಗದಿದ್ರ ಡಿಗ್ರಿ ಇಲ್ಲ ಅಂದ್ರು ನಮ್ಮ ಕಾಲೇಜಿನವರು. ಆವತ್ತಿಂದ ಒಂದಿಲ್ಲೊಂದು ಫಜೀತಿ ತಪ್ಪಿಲ್ಲ ನೋಡ್ರಿ ನನಗ.

೧. ಫಾರಂ

'ನಿಮಗೆ ಬರುವ ಪರದೇಶದ ಭಾಷೆ' ಅಂತ ಫಾರಂನಾಗ ಒಂದು ಖಾನೆ ಇತ್ತು. ಏನ್ ಬರೀಲಿ ಅಂತ ಆಫೀಸಿನ ಕ್ಲಾರ್ಕ್‌ನ ಕೇಳಿದೆ.

"ಮನ್ಯಾಗ ಏನ್ ಮಾತಾಡ್ತಿ?"

"ಕನ್ನಡ."

"ಮತ್ತ ಅದನ್ನ ಬರಿ."

"ಅದು ಪರದೇಶದ್ದಲ್ರಿ! ನಮ್ಮ ಕಾಣಕೋಣ ತಾಲೂಕಿನ ಗಡಿ ದಾಟಿದ್ರ ಕರ್ನಾಟಕ."

"ದಾಟಬೇಕಲ್ಲ? ಹಂಗಾರ ಹೊರಗಿನದಾತು."

೨. ಅವ್ವನ ಮುಂದ ಪಾಠ

ರಷ್ಯನ್ ಹಿಡದೆ. ಯಾಕಂದ್ರ ನಮ್ಮವ್ವ ಬೀಚಿನಾಗ ಕಾಲ್ಗೆಜ್ಜಿ, ಮಣಿಸರ ಮಾರ್ತಾಳ. ಸಾಲಿ ಮೆಟ್ಟಲಾ ಹತ್ತದಾಕಿ, ರಷ್ಯನ್ ಗಿರಾಕಿಗೋಳ ಕೂಡ ಪಟಪಟ ಮಾತಾಡ್ತಾಳ. ರಜಾದಾಗ ನಾನೂ ಅಕಿ ಕೂಡ ಮಾರಿದಾಕಿನ. ಮನ್ಯಾಗೇ ಮಾಸ್ತರ್ ಸಿಕ್ರು ಅಂತ ಖುಷಿ ಆಗಿ ಪುಸ್ತಕದ ಮೊದಲನೇ ಪಾಠ ಓದಿದೆ: ಇದು ಕಿಟಕಿ, ಇದು ಕುರ್ಚಿ, ಹೊರಗ ಹಿಮ ಬೀಳಾಕತ್ತೈತಿ.

"ರೇಟ್ ಎಲ್ಲಿ?" ಅಂದ್ಲು.

"ರೇಟ್ ಇಲ್ಲವ್ವಾ, ಇದು ಪಾಠ."

"ಥೂ! ಕುರ್ಚಿ ತೋರಸ್ತಾನ, ರೇಟ್ ಹೇಳಂಗಿಲ್ಲ. ಇಂಥವನ ಕಡೆ ಏನ್ ಕಲೀತಿ, ಬಿಡ ಮಾರಾಯ್ತಿ!"

೩. ವಿಜಯಪುರದ ಫೋನು

ಮಗಳು ರಷ್ಯನ್ ಕಲ್ಯಾಕತ್ತಾಳ ಅಂತ ಅಪ್ಪ ವಿಜಯಪುರದಾಗಿರೋ ಸೋದರತ್ತಿಗೆ ಫೋನಿನಾಗ ಜಂಬದಿಂದ ಹೇಳಿದ. ಎರಡೇ ದಿನದಾಗ ಊರ ತುಂಬ ಸುದ್ದಿ: ಹುಡುಗಿಗೆ ರಷ್ಯಾದಾಗ ಗಂಡು ಗೊತ್ತಾಗೈತಿ. ಎಷ್ಟ್ ಹೇಳಿದ್ರೂ ಯಾರೂ ಕೇಳವಲ್ರು. ಅಜ್ಜಿಯಂತೂ ಫೋನಿನಾಗ ಅಳಾಕ ಚಾಲೂ ಮಾಡಿದ್ಲು: "ಆ ಹುಡುಗ ರೊಟ್ಟಿ ತಿಂತಾನೋ ಇಲ್ಲೋ, ಅಷ್ಟರ ಕೇಳ್ರಿ!"

೪. ಮೌಖಿಕ ಪರೀಕ್ಷಾ

ಮೊದಲನೇ ಸಲ ಬಾಯಿ ಕಟ್ಟಿ ಫೇಲಾದೆ. ಈ ಸಲನೂ ಹೋದ್ರ ಡಿಗ್ರಿ ಇಲ್ಲ, ನೌಕರಿ ಕೊಡ್ತೇವಂದ ಹೋಟೆಲ್‌ನವರೂ ಕೈ ಬಿಡ್ತಾರ. ಮುಂಜಾನೆ ಮೊದಲನೇ ನಂಬರ್ ನಂದೇ.

ಪರೀಕ್ಷಾ ತಗೊಳ್ಳೋ ಸರ್ ತಮ್ಮ ಪೆನ್ ನನ್ನ ಮುಂದಿಟ್ರು. "ನೀ ಅಂಗಡಿಯಾಕಿ, ನಾ ಗಿರಾಕಿ. ಮಾರು."

ನೂರು ಅಂದೆ. "ತುಟ್ಟಿ ಆತು, ಬ್ಯಾಡ" ಅಂದ್ರು. ಪುಸ್ತಕದಾಗಿನಂಗ 'ಹೋಗಿ ಬರ್ರಿ' ಅಂದು ಮುಗಿಸಬೇಕಿತ್ತು. ಆದ್ರ ಮುಂಜಾನೆ ಮೊದಲನೇ ಗಿರಾಕಿ ಅಂದ್ರ ಬೋಣಿ! ಬೋಣಿ ಗಿರಾಕಿ ಬರಿಗೈಲೆ ಹೋದ್ರ ಇಡೀ ದಿನ ಹಾಳು. ಹೆಂಗ್ ಬಿಡ್ಲಿ? ಎಂಬತ್ತಂದೆ. ಮಕ್ಕಳು ಹೆಂಗದಾರ ಅಂತ ಕೇಳಿದೆ. ಐವತ್ತಂದೆ. "ಸಾಕು, ಸಾಕು" ಅಂತ ಸರ್ ಎದ್ರು, ನಾನೂ ಎದ್ದೆ. ಅವರದೇ ಪೆನ್ ಹಿಡಕೊಂಡು ಬಾಗಿಲತನಕ, ಅಲ್ಲಿಂದ ಜಿನ್ನಿ ಮೆಟ್ಟಲತನಕ ಬೆನ್ನ ಹತ್ತಿದೆ, ಎಲ್ಲಾ ರಷ್ಯನ್‌ನಾಗೇ. ಕಡೀಕ ಹತ್ತು ರೂಪಾಯಿ ಕೊಟ್ಟು ತಮ್ಮ ಪೆನ್ ತಾವೇ ಕೊಂಡು, ಅದರಲೇ ಪಾಸ್ ಅಂತ ಬರದ್ರು. ನಾ ನೋಟು ಕಣ್ಣಿಗೊತ್ತಿಕೊಂಡೆ.

ಬೀಚಿಗೆ ಓಡಿಹೋಗಿ ಎಲ್ಲಾ ಹೇಳಿದೆ. ಅವ್ವ ಕುಣೀತಾಳಂತ ಮಾಡಿದ್ದೆ. ಹಣಿ ಹಣಿ ಬಡ್ಕೊಂಡ್ಲು.

"ಹತ್ತಕ್ಕ? ನೂರರ ಮಾಲು ಹತ್ತಕ್ಕ ಕೊಟ್ಟ್ಯಾ? ಅಯ್ಯ ಶಿವನ, ನೀ ಇನ್ನೊಂದು ವರ್ಷ ಕಾಲೇಜಿಗೆ ಹೋಗು!"