ಮೂವತ್ತೆರಡು ಎಂಬಿ ಸಾಕು ಅಂದಿದ್ದೆ

ಕಡಿಮೆಯೇ ಸಾಕು ಎನ್ನುವ ಅಂಗಡಿಯವಳ ಮೇಲೆ ಜನಕ್ಕೆ ಅನುಮಾನ. ಹಾಸನದಲ್ಲಿ ಕಂಪ್ಯೂಟರ್ ಅಂಗಡಿ ನಡೆಸಿದಷ್ಟು ಕಾಲವೂ ನನಗೆ ಇದೇ ಆಯಿತು. ನಾನು ಕಾಲೇಜಿಗೆ ಹೋದವಳಲ್ಲ. ಡಬ್ಬದ ಜೊತೆ ಬರುವ ಪುಸ್ತಕಗಳನ್ನು ನಿಘಂಟು ಇಟ್ಟುಕೊಂಡು ಓದಿ ಕಲಿತವಳು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಮೆಮೊರಿ, ಅಂದರೆ ಎಷ್ಟು ಎಂಬಿ, ಬೇಕು ಎನ್ನುವುದು ಮಾಡುವ ಕೆಲಸದ ಮೇಲೆ ನಿಂತಿದೆ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

೧. ಪುರೋಹಿತರ ಲೆಕ್ಕ

ತೊಂಬತ್ತರ ದಶಕದ ಕೊನೆ. ಅರಕಲಗೂಡಿನ ಪುರೋಹಿತರೊಬ್ಬರು ಜಾತಕ ಬರೆಯಲು ಕಂಪ್ಯೂಟರ್ ಕೊಳ್ಳಲು ಬಂದರು.

"ಹನ್ನೆರಡು ಮನೆಯ ಕುಂಡಲಿ ತೋರಿಸೋಕೆ ಎಂಟು ಎಂಬಿ ಸಾಕು ಸ್ವಾಮಿ" ಎಂದೆ.

"ಎಂಟು ಸಮಸಂಖ್ಯೆಯಾಯ್ತಲ್ಲಮ್ಮ. ಒಂಬತ್ತು ಕೊಡಿ, ಗ್ರಹಕ್ಕೊಂದು."

"ಎಂಟು ಬಿಟ್ಟರೆ ಹದಿನಾರು, ಆಮೇಲೆ ಮೂವತ್ತೆರಡು. ಹಾಗೇ ತಯಾರು ಮಾಡೋದು."

"ಮಾಡೋರಿಗೆ ಶಾಸ್ತ್ರ ಗೊತ್ತಿಲ್ಲ" ಎಂದು ನಿಟ್ಟುಸಿರಿಟ್ಟರು. ಆಮೇಲೆ ಸೊಂಟದಿಂದ ಒಂದು ರೂಪಾಯಿ ತೆಗೆದು ಕಾರ್ಡಿನ ಡಬ್ಬದ ಮೇಲಿಟ್ಟು, "ಈಗ ಸರಿಹೋಯ್ತು, ಕಟ್ಟಿ" ಎಂದರು.

೨. ಮೇಷ್ಟ್ರ ಇಸ್ಪೀಟು

ಕೆಲವು ವರ್ಷಕ್ಕೆ ಎದುರುಗಡೆ ಹೊಸ ಅಂಗಡಿ ಬಂತು. ಅದರ ಮಾಲೀಕ ಪುಸ್ತಕ ಓದುವ ಪೈಕಿ ಅಲ್ಲ. ಯಾರು ಹೋದರೂ ನೂರಿಪ್ಪತ್ತೆಂಟು ಎಂಬಿ ಎನ್ನುತ್ತಿದ್ದ. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು.

ಹೊಳೆನರಸೀಪುರದ ನಿವೃತ್ತ ಮೇಷ್ಟ್ರೊಬ್ಬರು ದಾಟುವ ಮೊದಲು ಒಂದು ಮಾತು ಕೇಳಲು ಬಂದರು.

"ಕಂಪ್ಯೂಟರಲ್ಲಿ ಏನು ಮಾಡ್ತೀರಿ ಮೇಷ್ಟ್ರೇ?"

"ಇಸ್ಪೀಟು."

"ಅದಕ್ಕೆ ಈಗಿರೋದೇ ಜಾಸ್ತಿ."

"ಪಕ್ಕದ ಮನೆಯೋರು ನೂರಿಪ್ಪತ್ತೆಂಟು ಹಾಕಿಸಿದಾರೆ. ದಿನಾ ಗೆಲ್ತಾರೆ."

ಎಲೆ ಕಲೆಸುವುದಕ್ಕೂ ಗ್ರಾಫಿಕ್ಸ್ ಕಾರ್ಡಿಗೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದೆ. ತಲೆಯಾಡಿಸಿ ಹೋದರು. ಮರುದಿನ ವಾಪಸು ಬಂದು, "ನನಗೆ ಹೆಚ್ಚಿಸೋದು ಬೇಡ ಬಿಡಿ. ಅವರದನ್ನ ಕಡಿಮೆ ಮಾಡೋಕಾಗುತ್ತಾ?" ಎಂದರು.

೩. ಬೋರ್ಡು

ಚನ್ನರಾಯಪಟ್ಟಣದ ಫೋಟೋ ಸ್ಟುಡಿಯೋದವನಿಗೆ ನಾನು ಮೂವತ್ತೆರಡು ಎಂಬಿ ಕಾರ್ಡು ಹಾಕಿಕೊಟ್ಟಿದ್ದೆ. ಅವನ ಮದುವೆ ಆಲ್ಬಮ್ಮುಗಳಿಗೆ ಅದು ಧಾರಾಳ. ಸಂಕ್ರಾಂತಿ ಕಳೆದ ಮೇಲೆ, ಅಂಗಡಿ ತುಂಬ ಜನ ಇರುವಾಗಲೇ ಬಂದ.

"ಮದ್ವೆ ಎಣ್ಣಿನ ಮುಖ ಮಬ್ಬುಮಬ್ಬಾಗ್ ಕಾಣ್ತದೆ ಕಣಕ್ಕ. ಎದುರಿನೋನು ನೂರಿಪ್ಪತ್ತೆಂಟು ಆಕುಸ್ಕೋ ಅಂತಾವ್ನೆ."

"ಮೂವತ್ತೆರಡು ಸಾಲದು ಅಂತಾದ್ರೆ ನನ್ನ ಅಂಗಡಿ ಬೋರ್ಡು ಇಳಿಸ್ತೀನಿ" ಎಂದುಬಿಟ್ಟೆ. ಎದುರಿನವನಿಗೂ ಕೇಳಿಸಿತು. ಏಣಿ ಬೇಕಾದರೆ ತಾನೇ ಕೊಡುತ್ತೇನೆ ಎಂದು ಹೇಳಿಕಳಿಸಿದ.

ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಸ್ಟುಡಿಯೋಗೆ ಹೋದೆ. ಪರದೆಯ ಉದ್ದಗಲಕ್ಕೂ ದಪ್ಪ ಮೂರು ಪಟ್ಟೆ ವಿಭೂತಿ, ನಡುವೆ ಅಂಗೈಯಗಲ ಕುಂಕುಮ. ಮದುಮಗಳು ಎರಡು ಪಟ್ಟೆಗಳ ಸಂದಿಯಿಂದ ನನ್ನನ್ನು ನೋಡುತ್ತಿದ್ದಳು.

"ಏನಪ್ಪ ಇದು?"

"ಆಯುಧಪೂಜೇದು ಕಣಕ್ಕ."

"ಒರೆಸಬಾರದಾ?"

ಅವನ ತಾಯಿ ಒಳಗಿನಿಂದ ಬಂದರು. "ಪೂಜೆಗಿಟ್ಟಿದ್ದ ಒರೆಸ್ಬಾರ್ದು ಕಣವ್ವ. ತಾನಾಗೇ ಉದುರ್ಬೇಕು."

"ಅದ್ಕೇ ಅಕ್ಕ," ಎಂದ ಮಗ, "ಇಬೂತಿ ದಾಟ್ಕಂಡ್ ಕಾಣೋವಷ್ಟು ಎಂಬಿ ಬೇಕು ಅಂದಿದ್ದು."

ನನ್ನ ಬೋರ್ಡು, ಎದುರಿನವನ ಏಣಿ ಎರಡೂ ಕಣ್ಣ ಮುಂದೆ ಬಂದವು. ತಾಯಿಯ ಕಡೆ ತಿರುಗಿದೆ. "ಅಮ್ಮಾ, ಪೂಜೆ ಮಾಡೋದು ದುಡಿಯೋ ಆಯುಧಕ್ಕೆ ತಾನೆ? ದುಡಿಯೋದು ಕೆಳಗಡೆ ಇರೋ ಆ ಡಬ್ಬ. ಇದು ಮೇಲೆ ಕೂತು ಬರೀ ಮುಖ ತೋರಿಸ್ತದೆ."

ಆಕೆ ಡಬ್ಬವನ್ನು ನೋಡಿದರು, ಪರದೆಯನ್ನು ನೋಡಿದರು, ಮಗನನ್ನೂ ನೋಡಿದರು. "ನಮ್ಮನೇಲೂ ಇಂಗೇ ಕಣವ್ವ" ಎಂದವರೇ ಒದ್ದೆ ಬಟ್ಟೆ ತಂದು, ಪರದೆ ಒರೆಸಿ, ಹೊಸ ವಿಭೂತಿಯನ್ನು ಡಬ್ಬಕ್ಕೆ ಬಳಿದರು. ಮದುಮಗಳ ಮೂಗುಬೊಟ್ಟಿನ ಹರಳೂ ಹೊಳೆಯಿತು. ನನ್ನ ಬೋರ್ಡು ಇದ್ದಲ್ಲೇ ಉಳಿಯಿತು.

ಸ್ಟುಡಿಯೋದವನು ಊರಲ್ಲಿ ಏನೆಂದು ಹೇಳಿಕೊಂಡನೋ. ಮುಂದಿನ ವಾರ ಚನ್ನರಾಯಪಟ್ಟಣದಿಂದ ಇಬ್ಬರು ಬಂದು, "ಇಬೂತಿ ಬಳ್ದಿರೋ ಕಾರ್ಡು ಐತಾ ಅಕ್ಕ?" ಎಂದರು. ಅಂಥದ್ದೇನೂ ಇಲ್ಲ, ಮಾಮೂಲಿ ಮೂವತ್ತೆರಡೇ ಸಾಕು ಎಂದೆ. ನನ್ನನ್ನು ಅನುಮಾನದಿಂದ ನೋಡಿ ರಸ್ತೆ ದಾಟಿದರು.

ಎದುರಿನವನು ಇದೆ ಎಂದನಂತೆ. ಆದರೆ ನೂರಿಪ್ಪತ್ತೆಂಟರಲ್ಲಿ ಮಾತ್ರ ಬರುತ್ತದೆಯಂತೆ.