ಮೂರನೇ ಕ್ಲಾಸಿನ ಖಾಲಿ ಕುರ್ಚಿ

ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಅನ್ನಿಸಿಕೊಂಡ ಗಂಡಸರನ್ನು ಲೋಕ ಬೇಕಾದಷ್ಟು ಕಂಡಿದೆ. ಎರಡೂ ಕಡೆ ಇಲಿಯಾಗಿಯೇ ಬಾಳುವವನ ಪಾಡನ್ನು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಮೂರನೇ ಕ್ಲಾಸಿನ ಮೇಷ್ಟ್ರ ಸಂಕಟ ಇದೇ. ಅವರ ಹೆಂಡತಿಯೇ ಆ ಸ್ಕೂಲಿನ ಹೆಡ್ ಮೇಡಂ. ಬೆಳಿಗ್ಗೆ ಮನೆಯಲ್ಲಿ ಬೈದು ದಣಿದ ಬಾಯಿ, ಸ್ಕೂಲಿನ ಗಂಟೆ ಹೊಡೆದ ಕೂಡಲೇ ಹೊಸ ಹುರುಪಿನಿಂದ ಮತ್ತೆ ಶುರುವಾಗುತ್ತಿತ್ತು. (ನಡುವೆ ಬಸ್ಸಿನ ಹಾದಿಯಲ್ಲಿ ಜನ ಇರುತ್ತಾರೆಂದು ಆಕೆ ಕಣ್ಣಲ್ಲೇ ಬೈಯುತ್ತಿದ್ದರು.)

ಮೂರನೇ ಕ್ಲಾಸಿಗೂ ಹೆಡ್ ಮೇಡಂ ಆಫೀಸಿಗೂ ನಡುವೆ ಒಂದೇ ಗೋಡೆ. ಮೇಷ್ಟ್ರು ಪಾಠ ಶುರು ಮಾಡಿದರೆ ಮಕ್ಕಳು ಸಂತೆ ಶುರು ಮಾಡುತ್ತಿದ್ದವು. ಆ ಚಳಿಗಾಲದಲ್ಲಿ ಮೇಡಂ ಒಂದು ದಿನ ಕಾಫಿ ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು. ರಜಕ್ಕೆ ಮುಂಚೆ ಚಳಿಗಾಲದ ಹಬ್ಬಗಳ ಪಾಠ ಇದೆ, ಯೆಹೂದಿಗಳದ್ದೂ ಕ್ರೈಸ್ತರದ್ದೂ. ಅದನ್ನು ನೋಡಲು ತಾವೇ ಬರುತ್ತಾರೆ. ಅವತ್ತೂ ಕ್ಲಾಸು ಸಂತೆಯಾದರೆ, ರಜ ಮುಗಿದ ಮೇಲೆ ಮೇಷ್ಟ್ರಿಗೆ ಹಳೇ ಪುಸ್ತಕದ ಉಗ್ರಾಣ. ಮಕ್ಕಳು ಬೇರೆಯವರ ಕೈಗೆ. ಗಂಡ ಅಂತ ಮುಖ ನೋಡುವ ಪ್ರಶ್ನೆಯೇ ಇಲ್ಲ, ಆ ಮುಖ ಮನೆಯಲ್ಲೇ ಸಾಕಷ್ಟು ನೋಡಿ ಆಗಿದೆ.

ಮೇಷ್ಟ್ರಿಗೆ ಉಗ್ರಾಣಕ್ಕಿಂತ ಮಕ್ಕಳದ್ದೇ ಚಿಂತೆ. ಮಕ್ಕಳು ಅವರ ಮಾತು ಕೇಳುತ್ತಿರಲಿಲ್ಲ ನಿಜ, ಆದರೆ ಬೆಳಿಗ್ಗೆ ಬಾಗಿಲಲ್ಲಿ ಓಡಿ ಬಂದು ಎರಡು ಕೈಯನ್ನೂ ಹಿಡಿದು ಎಳೆಯುತ್ತಿದ್ದವು. ಅವರನ್ನು ಕಂಡು ಸಂತೋಷಪಡುವವರು ಈ ಭೂಮಂಡಲದಲ್ಲಿ ಆ ಮಕ್ಕಳು ಮಾತ್ರ.

ಒಂದು ಪುಸ್ತಕ ತಿರುವಿಹಾಕಿ ಪಾಠ ಕಟ್ಟಿದರು. ಯೆಹೂದಿಗಳ ಹನುಕ್ಕಾ ಹಬ್ಬದಲ್ಲಿ ದಿನಕ್ಕೊಂದು ದೀಪ ಹೆಚ್ಚಿಸುತ್ತಾ ಹೋಗುತ್ತಾರೆ. ಹಿಂದೆ ಅವರ ದೇವಾಲಯದಲ್ಲಿ ಒಂದು ದಿನಕ್ಕೆ ಸಾಲುವ ಎಣ್ಣೆ ಎಂಟು ದಿನ ಉರಿದ ನೆನಪಿಗೆ. ಹಾದಿಹೋಕರಿಗೆ ಕಾಣಲಿ ಎಂದು ಆ ದೀಪವನ್ನು ಕಿಟಕಿಯಲ್ಲಿಡುತ್ತಾರೆ. ಇತ್ತ ಕೆಲವು ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಊಟಕ್ಕೆ ಕೂರುವಾಗ, ಕರೆಯದೆ ಬರುವ ಅತಿಥಿಗೆಂದು ಒಂದು ಕುರ್ಚಿ, ಒಂದು ತಟ್ಟೆ ಖಾಲಿ ಬಿಡುತ್ತಾರೆ. ಮೇಷ್ಟ್ರು ರಟ್ಟಿನಲ್ಲಿ ಎಂಟು ದೀಪದ ಸಾಲು ಕತ್ತರಿಸಿ, ದಿನಕ್ಕೊಂದು ಕಿತ್ತಳೆ ಕಾಗದದ ಜ್ವಾಲೆ ಅಂಟಿಸುವಂತೆ ಕ್ಲಾಸಿನ ಕಿಟಕಿಗೆ ನಿಲ್ಲಿಸಿದರು. ಹಿಂದಿನ ಮೂಲೆಯಲ್ಲಿ ಒಂದು ಮರದ ಕುರ್ಚಿ ಇಟ್ಟರು. ಎರಡು ಮನೆಯ ಎರಡು ಹಬ್ಬ ಒಂದೇ ಕೋಣೆಗೆ ಬಂದವು. ಅವನ್ನು ಸೇರಿಸಿ ಹೊಲಿದದ್ದು ಮೊದಲ ಬೆಂಚಿನ ಗುಬ್ಬಚ್ಚಿ, ಅಂಗೈಯಗಲದ ಹುಡುಗಿ.

"ಸಾರ್, ದೀಪ ನೋಡ್ಕೊಂಡು ಬಂದೋರು ಈ ಕುರ್ಚೀಲಿ ಕೂರ್ತಾರಾ?"

ಹಾಗಲ್ಲಮ್ಮಾ, ಅದು ಇವರದ್ದು, ಇದು ಅವರದ್ದು ಎಂದು ಬಿಡಿಸಿ ಹೇಳಬೇಕಾಗಿತ್ತು. ಆದರೆ ಆ ಪ್ರಶ್ನೆ ಬಿದ್ದೊಡನೆ ಕ್ಲಾಸು ಗಪ್‌ಚುಪ್ಪಾಗಿ ಕುರ್ಚಿಯ ಕಡೆಗೇ ನೋಡುತ್ತಿತ್ತು. ಅಂಥಾ ಮೌನವನ್ನು ಮೇಷ್ಟ್ರು ತಮ್ಮ ಉದ್ಯೋಗಪರ್ವದಲ್ಲೇ ಕಂಡಿರಲಿಲ್ಲ. ಕೈಗೆ ಬಂದ ತುತ್ತನ್ನು ಬಿಡುವುದುಂಟೇ? "ಹೂಂ, ಬಂದು ಕೂತಾಗಿದೆ. ಗಲಾಟೆ ಮಾಡಿದ್ರೆ ಅವರಿಗೆ ಆಗಲ್ಲ," ಅಂದುಬಿಟ್ಟರು.

ಅಲ್ಲಿಂದ ಮುಂದೆ ಸಾಮ್ರಾಜ್ಯ ಅವರದ್ದೇ. ಪಿಸುಮಾತು ಕೇಳಿದರೆ ಹಿಂದಿನ ಮೂಲೆಗೆ ಕಣ್ಣು ಹಾಯಿಸಿದರೆ ಸಾಕು, ಬಾಯಿಗಳಿಗೆಲ್ಲ ಬೀಗ. ಹೆಂಡತಿ ಗೋಡೆಗೆ ಕಿವಿಯಿಟ್ಟು, ಮಕ್ಕಳನ್ನು ಮನೆಗೆ ಕಳಿಸಿಬಿಟ್ಟಿರಾ ಅಂತ ಇಣುಕಿ ನೋಡಿದ್ದೂ ಆಯಿತು. ಮೇಷ್ಟ್ರು ಮೀಸೆ ತಿರುವಿಕೊಂಡರು. (ಮೀಸೆ ಇರಲಿಲ್ಲ. ಇದ್ದ ಜಾಗ ತಿರುವಿಕೊಂಡರು.)

ಆದರೆ ದಿನ ಕಳೆದಂತೆ ಆ ಮೌನದ ರುಚಿ ಕೆಟ್ಟಿತು. ಮಕ್ಕಳು ಹೆದರಿ ಸುಮ್ಮನಿದ್ದಾರೆ ಅಂತ ಅವರು ತಿಳಿದಿದ್ದರು; ಹೆದರಿದವರ ಮುಖ ಹಾಗಿರುವುದಿಲ್ಲ. ಅವು ಕೇಳಿಸಿಕೊಳ್ಳುತ್ತಿದ್ದವು, ಮೇಷ್ಟ್ರ ಮಾತನ್ನಲ್ಲ. ಅವರು ಬೋರ್ಡಿನ ಕಡೆ ತಿರುಗಿ ಬರೆಯುವಾಗ ಬೆನ್ನ ಹಿಂದೆ ಇಡೀ ಕ್ಲಾಸು ಒಟ್ಟಿಗೆ ಮೆಲ್ಲಗೆ ನಗುತ್ತಿತ್ತು, ಯಾರೋ ಒಂದು ತಮಾಷೆ ಹೇಳಿ ಮುಗಿಸಿದ ಹಾಗೆ. ತಿರುಗಿದರೆ ಎಲ್ಲ ಕತ್ತುಗಳೂ ಹಿಂದಿನ ಮೂಲೆಗೆ. ಒಂದು ಬೆಳಿಗ್ಗೆ ನೋಡಿದರೆ ರಟ್ಟಿನ ದೀಪದ ಜ್ವಾಲೆಗಳೆಲ್ಲ ಜಾಗ ಬದಲಿಸಿದ್ದವು. ಮೇಷ್ಟ್ರು ಎಡಗಡೆಯಿಂದ ಅಂಟಿಸಿಕೊಂಡು ಬಂದಿದ್ದರು. ಈಗ ಬಲಗಡೆಯಿಂದ ತುಂಬಿಕೊಂಡು ಬಂದಿದ್ದವು. ಯಾರು ಕಿತ್ತದ್ದು ಅಂತ ಗದರಿದರು. ಗುಬ್ಬಚ್ಚಿ ಎದ್ದು ನಿಂತು, ಬಲದಿಂದ ಇಡಬೇಕಂತೆ, ಹಚ್ಚುವಾಗ ಎಡದ ಹೊಸ ದೀಪದಿಂದ ಹಚ್ಚಬೇಕಂತೆ, ಸಾರ್‌ಗೆ ಗೊತ್ತಿಲ್ಲ ಪಾಪ, ನೀವೇ ಸರಿ ಮಾಡಿ ಅಂದರು ಅಂತ ವಿನಯದಿಂದ ತಿಳಿಸಿದಳು. ಯಾರು ಅಂದರು ಅಂತ ಕೇಳುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ. ಪುಸ್ತಕ ತೆಗೆದು ನೋಡಿದರೆ ಅವರು ಓದದೆ ಹಾರಿಸಿದ್ದ ಪುಟದಲ್ಲಿ ಹಾಗೇ ಇತ್ತು.

ಆ ಪುಟ ಅಚ್ಚಾದಾಗಿನಿಂದ ಅಂಚು ಕತ್ತರಿಸದೆ ಪಕ್ಕದ ಪುಟಕ್ಕೆ ಅಂಟಿಕೊಂಡೇ ಇತ್ತು; ಈಗ ಮೇಷ್ಟ್ರೇ ಬ್ಲೇಡು ಹಾಕಿ ಬಿಡಿಸಿದ ಮೇಲಷ್ಟೇ ಓದಲು ಸಿಕ್ಕಿದ್ದು.

ರಜದ ಹಿಂದಿನ ದಿನ ಮೇಡಂ ಬಂದರು. ಹೊರಗೆ ಮೋಡ ಕವಿದು ಮಧ್ಯಾಹ್ನವೇ ಮುಸ್ಸಂಜೆಯಂತಿತ್ತು. ಪಾಠ ನೋಡುವವರು ಹಿಂದೆ ಕೂರುವುದು ರೂಢಿ. ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಆಕೆ ಸೀದಾ ಮೂಲೆಗೆ ನಡೆದು ಖಾಲಿ ಕುರ್ಚಿಯಲ್ಲಿ ಆಸೀನರಾದರು.

ಗುಬ್ಬಚ್ಚಿ ಎದ್ದು ಹತ್ತಿರ ಹೋಗಿ, ದೊಡ್ಡವರಿಗೆ ನಾಚಿಕೆಯಾಗದಂತೆ ತಗ್ಗಿದ ದನಿಯಲ್ಲಿ ಹೇಳಿದಳು.

"ಮೇಡಂ, ಸ್ವಲ್ಪ ಏಳ್ತೀರಾ? ನೀವು ಅವರ ತೊಡೆ ಮೇಲೆ ಕೂತಿದ್ದೀರಿ."

ಯಾರಿಗಾಗಿಯೂ ಎದ್ದು ನಿಂತವರಲ್ಲ ಆ ಹೆಂಗಸು. ನಗಲು ಬಾಯಿ ತೆರೆದವರು ನಗಲಿಲ್ಲ. ಅಂಗೈಯಿಂದ ಕುರ್ಚಿಯ ಹಲಗೆ ಮುಟ್ಟಿ ನೋಡಿದರು, ಎದ್ದರು, ಸೀರೆ ಸರಿಮಾಡಿಕೊಂಡರು. ಪಾಠ ಮುಗಿಯುವವರೆಗೂ ಗೋಡೆಗೆ ಆತು ನಿಂತೇ ಇದ್ದರು. ಕೇಳಿದ ಪ್ರಶ್ನೆಗೆಲ್ಲ ಮಕ್ಕಳು ಪಟಪಟನೆ ಉತ್ತರ ಕೊಟ್ಟವು. ಇಷ್ಟು ಚೆನ್ನಾಗಿ ಹೇಳಿಕೊಟ್ಟವರು ಯಾರು ಎಂದಾಗ ಒಂದು ಮಗುವಾದರೂ ಮೇಷ್ಟ್ರ ಕಡೆ ಬೆರಳು ತೋರಿಸಬಹುದಿತ್ತು. ಎಲ್ಲ ಬೆರಳುಗಳೂ ಮೂಲೆಗೇ ಹೋದವು.

ಕಡೆಗೆ ಮಕ್ಕಳ ಚಿಂತೆ ಒಂದೇ. ನಾಳೆಯಿಂದ ಸ್ಕೂಲಿಗೆ ಬೀಗ, ಒಳಗೆ ಕೊರೆಯುವ ಚಳಿ, ಕುರ್ಚಿಯಲ್ಲಿ ಅವರೊಬ್ಬರೇ ಏನು ಮಾಡಬೇಕು? ಮೇಡಂ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕರೆದವರೇ ಮನೆಗೆ ಕರೆದುಕೊಂಡು ಹೋಗಲಿ ಎಂದು ಅಪ್ಪಣೆ ಮಾಡಿದರು.

ಮೇಷ್ಟ್ರು ಕುರ್ಚಿ ಹೊತ್ತುಕೊಂಡು ಬಸ್ಸು ಹತ್ತಿದರು. ಬಸ್ಸು ಕಿಕ್ಕಿರಿದಿತ್ತು; ಕಾಲು ನೋವಿನ ಮುದುಕಿಯೊಬ್ಬಳು ಕಂಬಿ ಹಿಡಿದು ತೂಗಾಡುತ್ತಿದ್ದಳು. ಅಜ್ಜೀ, ಇದರಲ್ಲೇ ಕೂತ್ಕೊಳ್ಳಿ ಅಂದರೆ ಆಕೆ ಕುರ್ಚಿಯನ್ನೊಮ್ಮೆ ನೋಡಿ, "ಬೇಡಪ್ಪಾ, ಅವರು ಕೂತಿರ್ಲಿ," ಅಂದಳು. ಮೇಷ್ಟ್ರು ಇಳಿಯುವವರೆಗೂ ಕಿಟಕಿಯಾಚೆಗೇ ನೋಡುತ್ತಿದ್ದರು.

ಮರುದಿನ ಮಧ್ಯಾಹ್ನ ಊಟಕ್ಕೆ ಹೆಂಡತಿ ಆ ಕುರ್ಚಿಯನ್ನು ಮೇಜಿಗೆ ಎಳೆಸಿ ಮೂರು ತಟ್ಟೆ ಹಾಕಿಸಿದರು. ಮೂರನೆಯದು ಖಾಲಿ ಇಡಬೇಕು, ಪದ್ಧತಿ ಅಂದರೆ ಪದ್ಧತಿ. ಮೇಷ್ಟ್ರೇ ಅದನ್ನು ಒರೆಸಿ ಇಟ್ಟರು. ಸೂಪು ಕುಡಿಯುತ್ತಾ ಹೆಂಡತಿ ಶುರು ಮಾಡಿದರು. ಬಾಗಿಲು ತಟ್ಟಿದವರಿಗೆ ಜಾಗ ಕೊಡಿ ಅಂತ ಕಲಿಸುವ ಹಬ್ಬ ಅದು. ಅಂಥಾ ಅತಿಥಿಯನ್ನು ಕರೆದು ತಂದು ಮಕ್ಕಳನ್ನು ಕಾಯುವ ಪೇದೆ ಮಾಡಿಕೊಂಡಿರಲ್ಲ, ನಿಮಗೆ ಏನನ್ನಬೇಕು? ಮೊದಲ ಸಲ ಹೆಂಡತಿ ಹೇಳಿದ್ದು ಸರಿ ಅನ್ನಿಸಿ ಮೇಷ್ಟ್ರಿಗೆ ಇನ್ನೂ ಭಯವಾಯಿತು. ಬ್ರೆಡ್ಡು ಮುರಿಯುತ್ತಾ, ಮಕ್ಕಳು ನನ್ನ ಕೈಲೇ ಇರುತ್ತವೋ ಇಲ್ಲವೋ ಅದೊಂದು ಹೇಳು ಅಂತ ಕೇಳಿಕೊಂಡರು.

ಹೆಂಡತಿ ಬಾಯಿ ಒರೆಸಿಕೊಂಡರು. ಖಾಲಿ ಕುರ್ಚಿಯ ಕಡೆ ತಿರುಗಿದರು. ಇಷ್ಟು ವರ್ಷದ ಸಂಸಾರದಲ್ಲಿ ಯಾರ ಅಭಿಪ್ರಾಯವನ್ನೂ ಕೇಳಿದವರಲ್ಲ.

"ನೀವೇನಂತೀರಿ?"

ಕೇಳಿ ಸುಮ್ಮನೆ ಕೂತರು. ಹುಬ್ಬು ಮೇಲೇರಿತು, ಇಳಿಯಿತು. ಒಮ್ಮೆ ತಲೆಯಾಡಿಸಿದರು. ತಮಾಷೆ ಮಾಡುತ್ತಿದ್ದಾಳೆ ಅಂತ ಮೇಷ್ಟ್ರು ಆಕೆಯ ಮುಖದಲ್ಲಿ ನಗು ಹುಡುಕಿದರು, ಸಿಗಲಿಲ್ಲ. ತಾವೇ ಹುಟ್ಟಿಸಿದ ಸುಳ್ಳಿನ ಮುಂದೆ ಆ ಮನುಷ್ಯ ಚಮಚ ಕೆಳಗಿಟ್ಟು ಕೈಮುಗಿದು ಕೂತಿದ್ದರು.

"ಮಕ್ಕಳು ನಿಮ್ಮ ಕೈಲೇ ಇರ್ಲಿ ಅಂತಾರೆ," ಅಂದರು ಹೆಂಡತಿ. "ಅವಕ್ಕೆ ನೀವಂದ್ರೆ ಇಷ್ಟವಂತೆ. ಪಾಠ ಸುಧಾರಿಸಬೇಕಂತೆ. ಪಾತ್ರೆ ಇವತ್ತಿನಿಂದ ನೀವೇ ತೊಳೀಬೇಕಂತೆ."

ಕೊನೆಯದನ್ನು ಯಾರು ಸೇರಿಸಿದರು ಎಂದು ವಿಚಾರಿಸುವ ಸ್ಥಿತಿಯಲ್ಲಿ ಮೇಷ್ಟ್ರು ಇರಲಿಲ್ಲ. ಮಕ್ಕಳು ಉಳಿದವಲ್ಲ, ಅಷ್ಟು ಸಾಕು. ಹಗುರಾಗಿ ತಟ್ಟೆಗಳನ್ನು ಎತ್ತಿಕೊಂಡು ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ಮೊದಲನೆಯದು ತೊಳೆದರು, ಎರಡನೆಯದು ತೊಳೆದರು. ಮೂರನೆಯದರ ಅಂಚಿನಲ್ಲಿ ಬ್ರೆಡ್ಡಿನ ಪುಡಿ, ತಳದಲ್ಲಿ ಸೂಪಿನ ಸಣ್ಣ ಮಡು, ಇನ್ನೂ ಬೆಚ್ಚಗೆ.

ಅವರು ಅದನ್ನು ಬಹಳ ಹೊತ್ತು ತಿಕ್ಕಿದರು. ಆಚೆಯ ಕೋಣೆಯಿಂದ ಹೆಂಡತಿ ಮೆಲುದನಿಯಲ್ಲಿ ಏನೋ ಹೇಳುವುದು ಕೇಳಿಸಿತು, ಆಮೇಲೆ ಸುಮ್ಮನಾದರು, ಆಮೇಲೆ ಗೊಳ್ಳೆಂದು ನಕ್ಕರು. ಮೇಷ್ಟ್ರ ಯಾವ ಮಾತಿಗೂ ಆಕೆ ಯಾವತ್ತೂ ಹಾಗೆ ನಕ್ಕಿರಲಿಲ್ಲ.