ಬೆನ್ನಿಗೆ ತಕ್ಕ ಚಾಪೆ

ಕೆಲವರಿಗೆ ಫಜೀತಿ ತಾನಾಗಿಯೇ ಬರುತ್ತದೆ. ನನಗೆ ಹಾಗಲ್ಲ. ಫಜೀತಿ ಆಗಬಾರದೆಂದು ನಾನು ಮೊದಲೇ ತಯಾರಿ ಮಾಡುತ್ತೇನೆ, ಅದು ಆ ತಯಾರಿಯಲ್ಲೇ ಆಗಿಬಿಡುತ್ತದೆ. ಕುಂದಗೋಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ ನಾನು. ಈ ವರ್ಷ ಮಕ್ಕಳನ್ನು ಘಟ್ಟದ ಮೇಲಿನ ಗುಡ್ಡಕ್ಕೆ ಚಾರಣಕ್ಕೆ ಕರೆದೊಯ್ಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಡೇರೆಯೊಳಗೆ ನೆಲದ ಮೇಲೆ ಮಲಗಬೇಕು ಎಂದ ಕೂಡಲೇ ನನಗೆ ಚಿಂತೆ ಹತ್ತಿತು. ಕಾರಣ ನನ್ನ ಬೆನ್ನು.

ಉದ್ದನೆಯ ನಮಸ್ಕಾರ

ಹೋದ ವರ್ಷ ನಮ್ಮ ಶಾಲೆಗೆ ಸಾಹೇಬರೊಬ್ಬರು ಬಂದಿದ್ದರು. ಅವರಿಗೆ ಹಾಕಬೇಕಿದ್ದ ಹಾರ ನನ್ನ ಕೈಯಿಂದ ಜಾರಿ ಅವರ ಕಾಲ ಬಳಿ ಬಿತ್ತು. ಎತ್ತಿಕೊಳ್ಳಲು ಬಾಗಿದೆ. ಹಾರ ಸಿಕ್ಕಿತು, ಬೆನ್ನು ಅಲ್ಲಿಯೇ ಹಿಡಿದುಕೊಂಡಿತು. ಮೇಲೇಳಲೂ ಆಗದು, ಕೆಳಗೆ ಕೂಡಲೂ ಆಗದು. ನಾನು ಕಾಲಿಗೆ ಬೀಳಲು ಬಂದೆನೆಂದು ತಿಳಿದ ಸಾಹೇಬರು ತಲೆ ಮುಟ್ಟಿ ಆಶೀರ್ವಾದ ಮಾಡಿದರು. ನಾನು ಏಳಲಿಲ್ಲ. ಮತ್ತೊಮ್ಮೆ ಮಾಡಿದರು. ಆದರೂ ಏಳಲಿಲ್ಲ. ಆಗ ಅವರಿಗೂ ಗಾಬರಿಯಾಗಿ ಹೆಡ್ ಮಾಸ್ತರರ ಕಡೆ ತಿರುಗಿ, "ಇವರದೇನರ ವರ್ಗಾವಣಿ ಕೆಲಸ ಐತೇನ್ರಿ?" ಎಂದು ಕೇಳಿದರು.

ಅವತ್ತು ನಾಲ್ಕು ಜನ ಸೇರಿ ನನ್ನನ್ನು ಬಾಗಿದ ಹಾಗೆಯೇ ಎತ್ತಿ ಟೆಂಪೋದಲ್ಲಿ ಇಟ್ಟರು. ಶಾಲೆಯ ಮುಂದೆ ಟೆಂಪೋ ಸಿಗುತ್ತದೆ. ಗುಡ್ಡದ ತುದಿಯಲ್ಲಿ ಬೆನ್ನು ಹಿಡಿದರೆ ನನ್ನನ್ನು ಯಾರು ಇಳಿಸಬೇಕು? ಮಕ್ಕಳು ನನ್ನನ್ನು ಹೊತ್ತು ತರುವ ಚಿತ್ರವೇ ಕಣ್ಣ ಮುಂದೆ ಬಂದು ನಿದ್ದೆ ಹಾರಿಹೋಯಿತು.

ಹಾಸಿದ ಚಾಪೆ

ಆಟದ ಮಾಸ್ತರರು ಧೈರ್ಯ ಹೇಳಿದರು. ಗಾಳಿ ತುಂಬುವ ಹಾಸಿಗೆ ಬೇಡ, ಒಂದು ಮುಳ್ಳು ತಗುಲಿದರೆ ಕಥೆ ಮುಗಿಯಿತು, ಫೋಮ್ ಚಾಪೆ ತಗೊಳ್ಳಿ ಎಂದರು. ಅದರೊಳಗೆ ಸಣ್ಣ ಸಣ್ಣ ಗುಳ್ಳೆಗಳಿದ್ದು ಒಂದೊಂದೂ ಬಾಯಿ ಮುಚ್ಚಿಕೊಂಡಿರುತ್ತವಂತೆ. ನೀರು ಹೀರುವುದಿಲ್ಲ, ಮುಳ್ಳಿಗೆ ಅಂಜುವುದಿಲ್ಲ, ನೆಲದ ಥಂಡಿ ಮೈಗೆ ಹತ್ತಲು ಬಿಡುವುದಿಲ್ಲ. ಮನೆಗೆ ಬಂದು ಮೊಬೈಲಿನಲ್ಲಿ ಓದಿದೆ. ಕೂಸಿನ ಹಾಗೆ ಮಲಗಿದೆ ಎಂದು ಒಬ್ಬ ಬರೆದಿದ್ದ. ಸೊಂಟ ಬಿದ್ದುಹೋಯಿತು ಎಂದು ಇನ್ನೊಬ್ಬ ಬರೆದಿದ್ದ. ನನಗೆ ಎರಡನೆಯವನ ಮಾತೇ ಖರೆ ಅನಿಸಿತು. ಕೊನೆಗೆ ಎರಡು ಥರದ್ದನ್ನು ತರಿಸಿದೆ. ಒಂದು ಸುರುಳಿ ಸುತ್ತುವುದು, ದಪ್ಪ, ಒಂದು ಮಗ್ಗುಲಿಗೆ ಬೆಳ್ಳಿ ಬಣ್ಣ. ಇನ್ನೊಂದು ನಿರಿಗೆಯಂತೆ ಮಡಚುವುದು, ಮೈತುಂಬ ತತ್ತಿ ಟ್ರೇಯಂಥ ಕುಣಿಗಳು. ಎರಡರ ಮೇಲೂ ಮಲಗಿ ನೋಡಿ, ಬೇಡಾದದ್ದನ್ನು ವಾಪಸ್ ಕಳಿಸುವುದೆಂದು ಠರಾಯಿಸಿದೆ.

ಪಡಸಾಲೆಯಲ್ಲಿ ಎರಡನ್ನೂ ಹಾಸಿ ದಿಂಬು ತರಲು ಒಳಗೆ ಹೋದೆ. ನಮ್ಮ ಕಡೆ ಚಾಪೆ ಹಾಸಿದ್ದು ಬಾಗಿಲಿಂದ ಕಂಡರೆ ಬಂದು ಕೂಡುವುದು ರೂಢಿ. ಹೊರಗೆ ಬರುವಷ್ಟರಲ್ಲಿ ಬಾಜು ಮನೆಯ ಅಕ್ಕ ಶೇಂಗಾ ಬುಟ್ಟಿ ಇಟ್ಟುಕೊಂಡು ಕೂತಿದ್ದಳು, ಅವಳ ಹಿಂದೆ ಓಣಿಯ ಇನ್ನಿಬ್ಬರು. ನನ್ನ ಹೆಂಡತಿ ಚಹಾ ತಂದಳು. ಚಾಪೆಗಳ ತುಲನೆ ನಾನಿಲ್ಲದೆಯೇ ನಡೆಯಿತು. ಬೆಳ್ಳಿಯದು ಬೆಚ್ಚಗಿದೆ ಆದರೆ ಜಾರುತ್ತದೆ, ಕುಣಿಯದು ಮೆತ್ತಗಿದೆ ಆದರೆ ಶೇಂಗಾ ಒಳಗೆ ಸಿಕ್ಕಿಕೊಳ್ಳುತ್ತವೆ ಎಂದು ತೀರ್ಮಾನವೂ ಆಯಿತು. ನಾನು ದಿಂಬು ಹಿಡಿದು ಕಂಬದ ಹಾಗೆ ನಿಂತಿದ್ದೆ. ಅಕ್ಕನಿಗೆ ಕನಿಕರ ಬಂತು.

"ಕುಂದರ್ರಿ ಮಾಸ್ತರ, ಸಂಕೋಚ ಮಾಡಬ್ಯಾಡ್ರಿ. ನಿಮ್ಮ ಮನೀನ ಅಂತ ತಿಳ್ಕೊಳ್ರಿ."

ಮಾಳಿಗೆಯ ಮೇಲೆ

ಅಂತೂ ಆ ರಾತ್ರಿ ಕುಣಿಯ ಚಾಪೆಯ ಮೇಲೆ ಮಲಗಿ ನೋಡಿದೆ. ಹಿತವಾಗಿತ್ತು. ಇದೇ ನನ್ನ ಬೆನ್ನಿನದು ಎಂದು ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. ಮರುದಿನ ಶಾಲೆಯಿಂದ ಬಂದಾಗ ಚಾಪೆ ಕಾಣಲಿಲ್ಲ. ಹುಡುಕುತ್ತ ಮಾಳಿಗೆ ಹತ್ತಿದರೆ ನಮ್ಮವ್ವ ಬಿಸಿಲಲ್ಲಿ ಅದನ್ನು ಹಾಸಿ, ಒಂದೊಂದು ಕುಣಿಗೆ ಒಂದೊಂದು ಚಮಚೆಯಂತೆ ಸಂಡಿಗೆ ಹಿಟ್ಟು ಬಿಟ್ಟಿದ್ದಳು. ಇದು ಮಲಗುವ ಚಾಪೆ, ಗುಡ್ಡಕ್ಕೆ ಒಯ್ಯಬೇಕು ಎಂದು ಅಳುವ ದನಿಯಲ್ಲಿ ಹೇಳಿದೆ.

"ಮಲಗಾಕ ನೆಲಾ ಐತಲ್ಲೋ. ಸಂಡಿಗಿಗೆ ಇಂಥಾ ಕುಣಿ ಎಲ್ಲಿ ಸಿಗತಾವು?" ಎಂದಳು ಅವ್ವ.

ಸಂಡಿಗೆಗಳೇನೋ ಒಂದೇ ಅಳತೆಯಲ್ಲಿ ಚಂದವಾಗಿ ಬಂದವು. ಚಾಪೆಗೆ ಮಾತ್ರ ಇಂಗು, ಹಸಿಮೆಣಸಿನಕಾಯಿಯ ವಾಸನೆ ಹತ್ತಿ, ಎಷ್ಟು ತೊಳೆದರೂ ಹೋಗಲಿಲ್ಲ. ಮಲಗಿದರೆ ಇರುವೆಗಳು ನನಗಿಂತ ಮೊದಲೇ ಬಂದಿರುತ್ತಿದ್ದವು. ವಾಪಸ್ ಕಳಿಸುವ ಹಾಗೂ ಇಲ್ಲ. ಅಷ್ಟರಲ್ಲಿ ಓಣಿಯ ಹೆಂಗಸರು ಚಾಪೆಯನ್ನು ಸಂಡಿಗೆಯ ಮಣೆಯೆಂದೇ ತಿಳಿದು ಒಬ್ಬೊಬ್ಬರಾಗಿ ಬಂದು ನನ್ನನ್ನೇ ಕೇಳತೊಡಗಿದರು, "ಮಾಸ್ತರ, ಸಂಡಿಗಿ ಮಣಿ ಒಂದಿನ ಕೊಡ್ರಿ."

ಹೊಲದಲ್ಲಿ ಪರೀಕ್ಷೆ

ಉಳಿದದ್ದು ಬೆಳ್ಳಿಯ ಚಾಪೆ. ಹೊರಡುವ ದಿನ ಹತ್ತಿರ ಬಂತು, ನನ್ನ ನಿದ್ದೆ ಪೂರ್ತಿ ಹೋಯಿತು. ಮನೆಯ ಸಪಾಟು ನೆಲದ ಮೇಲೆ ಇದನ್ನು ಪರೀಕ್ಷಿಸಿ ಏನು ಪ್ರಯೋಜನ? ಗುಡ್ಡದಲ್ಲಿ ಕಲ್ಲು, ಬೇರು ಇರುತ್ತವೆ. ಭಾನುವಾರ ಮಧ್ಯಾಹ್ನ ಚಾಪೆ ಹೊತ್ತು ಕುಬಿಹಾಳದ ದಾರಿಯಲ್ಲಿರುವ ನಮ್ಮ ಹೊಲಕ್ಕೆ ಹೋದೆ. ಜೋಳ ಕೊಯ್ದಾಗಿತ್ತು. ಬೇವಿನ ಮರದ ನೆರಳಲ್ಲಿ ಎರೆಮಣ್ಣಿನ ಹೆಂಟೆಗಳ ಮೇಲೆಯೇ ಚಾಪೆ ಹಾಸಿ, ನೊಣಗಳ ಕಾಟಕ್ಕೆ ಬಿಳಿ ಧೋತರವನ್ನು ತಲೆಯಿಂದ ಕಾಲಿನವರೆಗೆ ಹೊದ್ದು ಮಲಗಿದೆ. ಹೆಂಟೆ ಚುಚ್ಚುತ್ತದೆಯೇ ಎಂದು ಸೊಂಟದ ಕಡೆ ಲಕ್ಷ್ಯ ಇಟ್ಟೆ. ಚುಚ್ಚಲಿಲ್ಲ. ಇಷ್ಟು ದಿನದ ನಿದ್ದೆಯೆಲ್ಲ ಒಮ್ಮೆಲೇ ಬಂದು ಮೇಲೆ ಬಿತ್ತು.

ಮೇವು ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ನನ್ನನ್ನು ಕೂಗಿದರಂತೆ. ನಾನು ಮಿಸುಕಲಿಲ್ಲ. ಸುದ್ದಿ ಊರಿಗೆ ಮುಟ್ಟಿತು. ನಮ್ಮ ಓಣಿಯ ಕಾಕಾ ಒಬ್ಬರಿದ್ದಾರೆ, ಯಾರ ಮನೆಯಲ್ಲಿ ಸಾವಾದರೂ ಮುಂದೆ ನಿಂತು ಎಲ್ಲ ಮಾಡಿಸುವವರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ, ಕೂಡಿಸಿ ಪೂಜೆ ಮಾಡುತ್ತಾರೆ. ಮೈ ಸೆಟೆದ ಮೇಲೆ ಕೂಡಿಸುವುದು ಕಷ್ಟ. ಅದಕ್ಕೇ ಕಾಕಾ ಬಂದವರೇ, ಮುಖದ ಮೇಲಿನ ಧೋತರವನ್ನೂ ತೆಗೆಯದೆ, "ಹಿಡೀರಿ, ಸೆಟಿಯೂದ್ರಾಗ ಕುಂದ್ರಸೂಣು" ಎಂದರು.

ನನಗೆ ಎಚ್ಚರವಾದಾಗ ಬಗಲಲ್ಲಿ ಯಾರದೋ ಕೈಗಳು. ಬೆನ್ನು ಮೇಲೇಳುತ್ತಿತ್ತು, ಕಾಲು ಮಡಚುತ್ತಿದ್ದವು. ಅಂಜಿದ್ದೇ ಆಯಿತು, ಗುಡ್ಡದ ಮೇಲೆ ಬೆನ್ನು ಹಿಡಿದು ನನ್ನನ್ನು ಹೊರುತ್ತಿದ್ದಾರೆ ಎಂದೇ ತಿಳಿದೆ. "ಹಗೂರಕ್ಕ ಹಿಡೀರ್ರಿ, ಬೆನ್ನು" ಎಂದು ಧೋತರದೊಳಗಿಂದ ನರಳಿದೆ.

ಕೈ ಹಚ್ಚಿದವರೆಲ್ಲ ಕೈ ಬಿಟ್ಟು ಹೊಲ ದಾಟಿ ಓಡಿದರು. ಕಾಕಾ ಒಬ್ಬರೇ ಬಿಡಲಿಲ್ಲ. ಹಿಡಿದ ಕೆಲಸ ಮುಗಿಸಿ, ನನ್ನನ್ನು ಬೇವಿನ ಮರಕ್ಕೆ ಆನಿಸಿ ಚಕ್ಕಳಮಕ್ಕಳ ಕೂಡಿಸಿದ ಮೇಲೆಯೇ ಧೋತರ ಸರಿಸಿ ಮುಖ ನೋಡಿದರು. ನನ್ನ ಬೆನ್ನಿನ ಕಥೆ, ಗುಡ್ಡದ ಚಿಂತೆ, ಚಾಪೆಯ ಪರೀಕ್ಷೆ ಎಲ್ಲ ಹೇಳಿದೆ. ಕಾಕಾ ಬೆವರು ಒರೆಸಿಕೊಂಡು ಬೆನ್ನು ತಟ್ಟಿದರು.

"ಸುಮ್ನ ಗುಡ್ಡಕ್ಕ ಹೋಗಿ ಬಾ ತಮ್ಮಾ. ಈ ಊರಾಗ ಭಾಳ ಮಂದೀನ ಕುಂದ್ರಿಸೇನಿ ನಾ. ಇಷ್ಟ ಸಲೀಸ ಬಾಗಿದ ಬೆನ್ನು ಯಾರದೂ ಇರಲಿಲ್ಲ."